ಡಿಜಿಟಲ್ ಚಿತ್ರ ಕಾಗದಕ್ಕಿಳಿಯುವ ಬಗೆ: ಮನೆಯ ಪ್ರಿಂಟರ್, ಕಲರ್ ಲ್ಯಾಬ್, ಆನ್‌ಲೈನ್ ಸೇವೆ

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಫೋಟೋ ಸ್ಟುಡಿಯೋಗಳಿಗೆ ಬರುವ ಬೇಡಿಕೆ ಹೆಚ್ಚುಕಡಿಮೆ ಒಂದೇ ಬಗೆಯದು. ಯಾವುದೋ ಮದುವೆಯ ಗುಂಪಿನ ಚಿತ್ರ; ಅದೂ ವಾಟ್ಸಾಪ್‌ನಲ್ಲಿ ನಾಲ್ಕಾರು ಕೈ ದಾಟಿ ಬಂದದ್ದು. ಎರಡನೆಯ ಸಾಲಿನ ಮೂಲೆಯಲ್ಲಿ ನಿಂತವರೇ ತೀರಿಕೊಂಡವರು. ಆ ಒಂದು ಮುಖವನ್ನು ಬಿಡಿಸಿ, 12x18 ಇಂಚಿಗೆ ಹಿಗ್ಗಿಸಿ, ಕಟ್ಟು ಹಾಕಿಸಿ, ಉತ್ತರಕ್ರಿಯೆಯ ಹೊತ್ತಿಗೆ ಕೊಡಬೇಕು. ಆದರೆ ಆ ಮುಖದ ಪಾಲಿಗೆ ಉಳಿದಿರುವುದು ಅಗಲಕ್ಕೆ ನೂರು, ಎತ್ತರಕ್ಕೆ ನೂರು ಚುಕ್ಕೆಗಳಷ್ಟೇ. 1975ರಲ್ಲಿ ಕೊಡಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೂಪಿಸಿದ ಡಿಜಿಟಲ್ ಕ್ಯಾಮೆರಾದ ಸಾಮರ್ಥ್ಯವೂ ಇಷ್ಟೇ ಇತ್ತು: 100x100 ಚುಕ್ಕೆ, ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು. ಜೇಬಿನಲ್ಲಿ ಐವತ್ತು ಮೆಗಾಪಿಕ್ಸೆಲ್ ಫೋನ್ ಇದ್ದೂ ಅಗತ್ಯದ ದಿನ ಕೈಗೆ ಸಿಗುವುದು ಅರ್ಧ ಶತಮಾನದ ಹಿಂದಿನ ಗುಣಮಟ್ಟ ಎಂಬುದು ವಿಪರ್ಯಾಸವೇ ಸರಿ.

ಡಿಜಿಟಲ್ ಚಿತ್ರವನ್ನು ಕಾಗದಕ್ಕೆ ಇಳಿಸುವುದು ಕಷ್ಟದ ಕೆಲಸವಲ್ಲ. ಮನೆಯಲ್ಲಿಯೇ ಮುದ್ರಿಸಬಹುದು, ಬೀದಿಯ ತುದಿಯ ಕಲರ್ ಲ್ಯಾಬಿಗೆ ಕೊಡಬಹುದು, ಇಲ್ಲವೇ ಅಂತರ್ಜಾಲ ಸೇವೆಗೆ ಕಳುಹಿಸಿ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಈ ಮೂರೂ ದಾರಿಗಳ ಗುಣದೋಷ ತಿಳಿಯುವ ಮುನ್ನ ಲೆಕ್ಕವೊಂದನ್ನು ಅರಿತುಕೊಳ್ಳುವುದು ಅಗತ್ಯ.

ಚುಕ್ಕೆಗಳ ಲೆಕ್ಕ

ಡಿಜಿಟಲ್ ಚಿತ್ರವು ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳ ಜೋಡಣೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಪ್ರತಿ ಇಂಚಿಗೆ 300 ಪಿಕ್ಸೆಲ್ ಇದ್ದರೆ ಕಣ್ಣಿಗೆ ಚುಕ್ಕೆ ಕಾಣದು ಎಂಬುದು ಮುದ್ರಣ ವಲಯದ ರೂಢಿಯ ಮಾನದಂಡ. ಇದರಂತೆ 4x6 ಇಂಚಿನ ಸಾಧಾರಣ ಪ್ರತಿಗೆ 1200x1800, ಅಂದರೆ ಸುಮಾರು ಎರಡು ಮೆಗಾಪಿಕ್ಸೆಲ್ ಸಾಕು. 5x7ಕ್ಕೆ ಮೂರು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು, 8x10ಕ್ಕೆ ಏಳಕ್ಕಿಂತ ತುಸು ಹೆಚ್ಚು ಬೇಕಾಗುತ್ತದೆ. 12x18ಕ್ಕೆ ಇದೇ ಲೆಕ್ಕ ಹಿಡಿದರೆ 19 ಮೆಗಾಪಿಕ್ಸೆಲ್ ಮೀರುತ್ತದೆ. ಆದರೆ ಗೋಡೆಯ ಮೇಲಿನ ಚಿತ್ರವನ್ನು ನಾಲ್ಕಾರು ಅಡಿ ದೂರದಿಂದ ನೋಡುವುದರಿಂದ ಇಂಚಿಗೆ 150ರಿಂದ 200 ಇದ್ದರೂ ನಡೆಯುತ್ತದೆ. ವೃತ್ತದಲ್ಲಿ ನಿಲ್ಲಿಸುವ ಫ್ಲೆಕ್ಸ್ ಫಲಕಗಳಿಗೆ ಇದರ ಒಂದಂಶವೂ ಇರುವುದಿಲ್ಲ. ಹತ್ತಿರ ಹೋಗಿ ನೋಡಿದವರಿಗೆ ಗೊತ್ತು.

ಈಗಿನ ಫೋನುಗಳ ಸಾಮಾನ್ಯ ಚಿತ್ರ ಸುಮಾರು 4000x3000 ಪಿಕ್ಸೆಲ್, ಅಂದರೆ 12 ಮೆಗಾಪಿಕ್ಸೆಲ್. ಪೆಟ್ಟಿಗೆಯ ಮೇಲೆ 50 ಎಂದು ಬರೆದಿದ್ದರೂ ಹೆಚ್ಚಿನ ಫೋನುಗಳು ನಾಲ್ಕು ಚುಕ್ಕೆಗಳನ್ನು ಒಂದಾಗಿಸಿ ಹನ್ನೆರಡರ ಆಸುಪಾಸಿನ ಚಿತ್ರವನ್ನೇ ಉಳಿಸುತ್ತವೆ. ಇದರಿಂದ ನಷ್ಟವೇನೂ ಇಲ್ಲ. 12x16 ಇಂಚಿಗೂ ಇದು ಇಂಚಿಗೆ 250 ಪಿಕ್ಸೆಲ್ ಒದಗಿಸುತ್ತದೆ.

ತೊಂದರೆ ಶುರುವಾಗುವುದು ಹಂಚಿಕೆಯಲ್ಲಿ. ವಾಟ್ಸಾಪ್ ಸಾಮಾನ್ಯ ರೀತಿಯಲ್ಲಿ ಕಳುಹಿಸುವ ಚಿತ್ರದ ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ, ಮೇಲೆ ಇನ್ನಷ್ಟು ಹಿಂಡುತ್ತದೆ. ಇದು 4x6 ಪ್ರತಿಗೆ ಇಂಚಿಗೆ 267 ಆಯಿತು, ಪರವಾಗಿಲ್ಲ. 12x18ಕ್ಕೆ ಹಿಗ್ಗಿಸಿದರೆ ಕೇವಲ 89. ಮುಖದ ಗೆರೆಗಳು ಕರಗಿ, ಹಿನ್ನೆಲೆಯಲ್ಲಿ ಚೌಕಳಿ ಎದ್ದು ಕಾಣತೊಡಗುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ 'ಎಚ್‌ಡಿ' ಆಯ್ಕೆ ಈ ನಷ್ಟವನ್ನು ತಗ್ಗಿಸಿತಾದರೂ ಪೂರ್ತಿ ನೀಗಿಸಲಿಲ್ಲ. ಚಿತ್ರವನ್ನು 'ಡಾಕ್ಯುಮೆಂಟ್' ಆಗಿ ಲಗತ್ತಿಸಿದರೆ ಮಾತ್ರ ಮೂಲ ಕಡತ ಇದ್ದಂತೆಯೇ ತಲುಪುತ್ತದೆ. ಇ-ಮೇಲ್ ಅಥವಾ ಗೂಗಲ್ ಡ್ರೈವ್ ಕೊಂಡಿಯೂ ಆದೀತು. ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಸ್ಟುಡಿಯೋಗೆ ಕೊಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಅದರಲ್ಲಿ ಪರದೆಯ ಚುಕ್ಕೆಗಳಷ್ಟೇ ಇರುತ್ತವೆ, ಬ್ಯಾಟರಿಯ ಗುರುತು ಬೇರೆ.

ಕಡತದ ಗುಣಲಕ್ಷಣಗಳಲ್ಲಿ '72 ಡಿಪಿಐ' ಎಂದು ಕಂಡು ಗಾಬರಿಯಾಗುವವರಿದ್ದಾರೆ. ಅದು ಬರೀ ಸೂಚನೆ. ಒಟ್ಟು ಎಷ್ಟು ಪಿಕ್ಸೆಲ್ ಎಂಬುದಷ್ಟೇ ಮುಖ್ಯ.

ಇಲ್ಲದ ಚುಕ್ಕೆಗಳನ್ನು ತುಂಬಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಸಣ್ಣ ಊರಿನ ಸ್ಟುಡಿಯೋಗಳಲ್ಲಿಯೂ ಬಳಕೆಗೆ ಬಂದಿವೆ. ಹಸಿರು, ಸೀರೆಯ ನೆರಿಗೆ, ಗೋಡೆ ಮುಂತಾದವನ್ನು ಇವು ಚೆನ್ನಾಗಿಯೇ ತಿದ್ದುತ್ತವೆ. ಮುಖದ ವಿಚಾರದಲ್ಲಿ ಎಚ್ಚರ ಬೇಕು. ನೂರು ಚುಕ್ಕೆಯ ಮುಖದಿಂದ ಸಾವಿರ ಚುಕ್ಕೆಯ ಮುಖ ಬಂದಿತೆಂದರೆ ಉಳಿದದ್ದೆಲ್ಲ ಯಂತ್ರದ ಊಹೆ. ತಾನು ಕಲಿತ ಲಕ್ಷಾಂತರ ಮುಖಗಳಿಂದ ಅದು ರೆಪ್ಪೆ, ಹಲ್ಲು, ಚರ್ಮವನ್ನು ಎರವಲು ತರುತ್ತದೆ. ಚಿತ್ರ ಚೊಕ್ಕಟವಾಗಿರುತ್ತದೆ, ಆದರೆ ಅದು ಅಜ್ಜನ ಮುಖವಾಗಿರದೆ ಅಜ್ಜನನ್ನು ಹೋಲುವ ಬೇರೊಬ್ಬರದಾಗಿರುವ ಸಂಭವವಿದೆ. ಇಂಥ ಪ್ರತಿಗಿಂತ 5x7ರಲ್ಲಿ ಮುದ್ರಿಸಿ, ಸುತ್ತ ಅಗಲವಾದ ಬಿಳಿ ರಟ್ಟು ಕೊಟ್ಟು ದೊಡ್ಡ ಕಟ್ಟು ಹಾಕಿಸಿದ ನಿಜವಾದ ಸಣ್ಣ ಚಿತ್ರವೇ ಲೇಸು.

ತಲೆ ಕತ್ತರಿಸಿ ಹೋಗುವುದೇಕೆ?

'ಫೋನಿನಲ್ಲಿ ಎಲ್ಲರೂ ಇದ್ದಾರೆ, ಪ್ರಿಂಟಿನಲ್ಲಿ ತಲೆ ಕಟ್ ಆಗಿದೆ' ಎಂಬ ದೂರು ಸಾಮಾನ್ಯ. ತಪ್ಪು ಯಾರದೂ ಅಲ್ಲ, ಅನುಪಾತದ್ದು. ಫೋನಿನ ಚಿತ್ರದ ಬದಿಗಳು 4:3 ಪ್ರಮಾಣದಲ್ಲಿರುತ್ತವೆ. 4x6 ಕಾಗದದ್ದು 3:2. ಕಾಗದವನ್ನು ಪೂರ್ತಿ ತುಂಬಿಸಲು ಹೋದರೆ ಅಡ್ಡ ಚಿತ್ರದ ಮೇಲೆ ಕೆಳಗೆ ಸೇರಿ ಒಂಬತ್ತನೆಯ ಒಂದು ಭಾಗ ಹೋಗಲೇಬೇಕು. ಎಸ್‌ಎಲ್‌ಆರ್ ಕ್ಯಾಮೆರಾಗಳದು 3:2 ಆದ್ದರಿಂದ 4x6, 8x12, 12x18 ಅಳತೆಗಳಿಗೆ ಸರಿಹೊಂದುತ್ತದೆ. ಅದೇ ಚಿತ್ರವನ್ನು 8x10ಕ್ಕೆ ಕೊಟ್ಟರೆ ಉದ್ದದಲ್ಲಿ ಆರನೆಯ ಒಂದು ಭಾಗ ಹೋಗುತ್ತದೆ. ಸಾಲಿನ ಎರಡೂ ತುದಿಯಲ್ಲಿ ನಿಂತ ನೆಂಟರು ಮುನಿಸಿಕೊಳ್ಳಲು ಇಷ್ಟು ಸಾಕು.

ಲ್ಯಾಬ್ ಹಾಗೂ ಆನ್‌ಲೈನ್ ಸೇವೆಗಳಲ್ಲಿ ಎರಡು ಆಯ್ಕೆಗಳಿರುತ್ತವೆ: ಕಾಗದ ತುಂಬುವಂತೆ ಕತ್ತರಿಸುವುದು, ಅಥವಾ ಚಿತ್ರವನ್ನು ಪೂರ್ತಿ ಉಳಿಸಿ ಬದಿಗೆ ಬಿಳಿ ಪಟ್ಟಿ ಬಿಡುವುದು. ಏನನ್ನೂ ಹೇಳದಿದ್ದರೆ ಸಾಮಾನ್ಯವಾಗಿ ಮೊದಲನೆಯದೇ ನಡೆಯುತ್ತದೆ. ಆದ್ದರಿಂದ ಫೋನಿನಲ್ಲಿಯೇ 3:2 ಚೌಕಟ್ಟಿಗೆ ಚಿತ್ರವನ್ನು ಕತ್ತರಿಸಿ, ಏನು ಉಳಿಯುತ್ತದೆಂದು ಕಣ್ಣಾರೆ ಕಂಡು ಕೊಡುವುದು ಉತ್ತಮ. ಗುಂಪಿನ ಚಿತ್ರ ತೆಗೆಯುವಾಗಲೇ ತಲೆಯ ಮೇಲೆ ತುಸು ಜಾಗ ಬಿಟ್ಟರೆ ಇನ್ನೂ ಉತ್ತಮ.

ಮನೆಯ ಪ್ರಿಂಟರ್

ಮನೆಗಳಲ್ಲಿ ಹೆಚ್ಚು ಕಾಣುವುದು ಶಾಯಿಯನ್ನು ಸಿಂಪಡಿಸುವ ಇಂಕ್‌ಜೆಟ್ ಪ್ರಿಂಟರ್. ಇದರಲ್ಲಿ ಎರಡು ಪೀಳಿಗೆ. ಹಳೆಯದು ಕೆಲವೇ ಮಿಲಿಲೀಟರ್ ಶಾಯಿ ಹಿಡಿಯುವ ಕಾರ್ಟ್ರಿಜ್‌ನದು. ಯಂತ್ರ ಅಗ್ಗ, ಶಾಯಿ ದುಬಾರಿ. 2010ರಲ್ಲಿ ಎಪ್ಸನ್ ಆರಂಭಿಸಿದ ಟ್ಯಾಂಕ್ ಪ್ರಿಂಟರ್‌ಗಳು ಈ ಲೆಕ್ಕವನ್ನು ತಿರುವುಮುರುವು ಮಾಡಿದವು. ಯಂತ್ರಕ್ಕೆ ಹೆಚ್ಚು ಬೆಲೆ, ಆದರೆ ಸೀಸೆಯಿಂದ ಶಾಯಿ ಸುರಿದುಕೊಳ್ಳಬಹುದು. ಕ್ಯಾನನ್, ಎಚ್‌ಪಿ ಮುಂತಾದ ಕಂಪೆನಿಗಳೂ ಇದೇ ಹಾದಿ ಹಿಡಿದವು. ನಾಲ್ಕು ಬಣ್ಣದ ಯಂತ್ರಗಳು ಕಚೇರಿ ಕೆಲಸಕ್ಕೆ ಸಾಕು. ಛಾಯಾಚಿತ್ರಕ್ಕೆ ಆರು ಬಣ್ಣದವೇ ಮೇಲು; ತಿಳಿ ನೀಲಿ, ತಿಳಿ ಗುಲಾಬಿ ಶಾಯಿ ಇರುವುದರಿಂದ ಮುಖದ ಮೇಲಿನ ಬೆಳಕು ನೆರಳುಗಳು ಮರಳು ಮರಳಾಗದೆ ನಯವಾಗಿ ಮೂಡುತ್ತವೆ.

ಇಂಕ್‌ಜೆಟ್‌ನ ಪರಮ ಶತ್ರು ಬಿಡುವು. ತಿಂಗಳುಗಟ್ಟಲೆ ಬಳಸದಿದ್ದರೆ ಕೂದಲೆಳೆಗಿಂತ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗಿ, ಮುದ್ರಿಸಿದಾಗ ಅಡ್ಡ ಗೆರೆಗಳು ಬೀಳುತ್ತವೆ. ಆಗ 'ಹೆಡ್ ಕ್ಲೀನಿಂಗ್' ಮಾಡಬೇಕು. ಅದು ಶಾಯಿಯನ್ನು ರಂಧ್ರಗಳ ಮೂಲಕ ಸೆಳೆದು ಚೆಲ್ಲುವ ಕ್ರಿಯೆ. ಚೆಲ್ಲಿದ ಶಾಯಿ ಯಂತ್ರದ ತಳದ ಹೀರುಪಟ್ಟಿಯಲ್ಲಿ ಸೇರುತ್ತಾ ಹೋಗಿ, ಅದು ತುಂಬಿದ ದಿನ ಪ್ರಿಂಟರ್ ಕೆಲಸ ನಿಲ್ಲಿಸಿ ರಿಪೇರಿ ಕೇಳುತ್ತದೆ. ವಾರಕ್ಕೊಮ್ಮೆ ಒಂದಾದರೂ ಬಣ್ಣದ ಪುಟ ಮುದ್ರಿಸುವವರಿಗೆ ಈ ಯಂತ್ರ ಲಾಭದಾಯಕ. ವರ್ಷಕ್ಕೆ ದಸರಾ, ದೀಪಾವಳಿ ಎಂದು ಎರಡು ಬಾರಿ ಮಾತ್ರ ಚಿತ್ರ ತೆಗೆಸುವ ಮನೆಗೆ ಇದು ಹೊರೆ. ಖರ್ಚಿನ ಲೆಕ್ಕ ಹಾಕುವಾಗ ಶಾಯಿಯ ಜೊತೆಗೆ ಫೋಟೋ ಕಾಗದ, ಕೆಟ್ಟುಹೋದ ಹಾಳೆಗಳು, ಶುದ್ಧೀಕರಣಕ್ಕೆ ಹೋದ ಶಾಯಿ ಎಲ್ಲವನ್ನೂ ಸೇರಿಸಬೇಕು. ಸೇರಿಸಿದರೆ 4x6 ಪ್ರತಿಗಳ ಮಟ್ಟಿಗೆ ಲ್ಯಾಬಿನ ದರದ ಮುಂದೆ ಮನೆಯ ಮುದ್ರಣ ಅಗ್ಗವೆನಿಸುವುದು ಅಪರೂಪ. ಮನೆಯ ಮುದ್ರಣದ ನಿಜವಾದ ಲಾಭ ಹಣದ್ದಲ್ಲ: ರಾತ್ರಿ ಹತ್ತಕ್ಕೆ ಮಗುವಿನ ಶಾಲೆಯ ಪ್ರಾಜೆಕ್ಟಿಗೆ ಚಿತ್ರ ಬೇಕೆಂದಾಗ ಅದು ಸಿಗುತ್ತದೆ; ಖಾಸಗಿ ಚಿತ್ರ ಪರರ ಕಂಪ್ಯೂಟರಿಗೆ ಹೋಗುವುದಿಲ್ಲ. 35x45 ಮಿಲಿಮೀಟರಿನ ಪಾಸ್‌ಪೋರ್ಟ್ ಅಳತೆಯ ಚಿತ್ರಗಳಾದರೆ ಒಂದು 4x6 ಹಾಳೆಯಲ್ಲಿ ಎಂಟು ಹಿಡಿಯುತ್ತವೆ.

ಕಾಗದದ ವಿಚಾರದಲ್ಲಿ ಉಳಿತಾಯ ಮಾಡಹೊರಟವರು ಮೋಸ ಹೋಗುವುದೇ ಹೆಚ್ಚು. 70-80 ಜಿಎಸ್‌ಎಂ ತೂಕದ ಸಾಧಾರಣ ಹಾಳೆ ಶಾಯಿಯನ್ನು ಹೀರಿಕೊಂಡು ಚಿತ್ರವನ್ನು ಮಂಕಾಗಿಸುತ್ತದೆ. ಲೇಪನವಿರುವ 180ರಿಂದ 270 ಜಿಎಸ್‌ಎಂ ಫೋಟೋ ಕಾಗದವೇ ಬೇಕು. ಲೇಪನವಿರುವ ಬದಿಗೇ ಮುದ್ರಿಸಬೇಕು. ಪ್ರಿಂಟರಿನ ಸೆಟ್ಟಿಂಗ್‌ನಲ್ಲಿ ಕಾಗದದ ಬಗೆಯನ್ನು ಸರಿಯಾಗಿ ಆರಿಸಬೇಕು. ಕೊನೆಯದನ್ನು ಮರೆತರೆ ಯಂತ್ರ ಸಾಧಾರಣ ಹಾಳೆಯೆಂದೇ ತಿಳಿದು ಶಾಯಿ ಬಿಡುತ್ತದೆ. ಮುದ್ರಿಸಿದ ಪ್ರತಿಯನ್ನು ಒಂದು ದಿನ ಒಣಗಲು ಬಿಟ್ಟು ನಂತರವೇ ಆಲ್ಬಂಗೆ ಸೇರಿಸುವುದು ಒಳಿತು.

ಇನ್ನೊಂದು ಬಗೆ ಡೈ-ಸಬ್ಲಿಮೇಷನ್. ಕ್ಯಾನನ್‌ನ ಸೆಲ್ಫಿ ಸರಣಿಯ ಪುಟ್ಟ ಯಂತ್ರಗಳು ಇದಕ್ಕೆ ಉದಾಹರಣೆ. ಇಲ್ಲಿ ದ್ರವ ಶಾಯಿಯೇ ಇಲ್ಲ. ಬಣ್ಣದ ರಿಬ್ಬನ್ನನ್ನು ಬಿಸಿ ಮಾಡಿ ಹಳದಿ, ಕೆನ್ನೀಲಿಗೆಂಪು, ಹಸಿರುನೀಲಿ ಬಣ್ಣಗಳನ್ನು ಒಂದಾದ ಮೇಲೊಂದು ಕಾಗದಕ್ಕೆ ಇಳಿಸಿ, ನಾಲ್ಕನೆಯ ಸುತ್ತಿನಲ್ಲಿ ಪಾರದರ್ಶಕ ರಕ್ಷಾಪದರ ಹೊದಿಸಲಾಗುತ್ತದೆ. ಕಾಗದ ನಾಲ್ಕು ಬಾರಿ ಹೊರಗೆ ಒಳಗೆ ಓಡಾಡುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ರಿಬ್ಬನ್ ಮತ್ತು ಕಾಗದ ಒಂದೇ ಪೊಟ್ಟಣದಲ್ಲಿ ಸಮಸಂಖ್ಯೆಯಲ್ಲಿ ಬರುವುದರಿಂದ ಪ್ರತಿಯೊಂದರ ಖರ್ಚು ಮೊದಲೇ ಗೊತ್ತು. ವರ್ಷ ಕಾಲ ಮೂಲೆಯಲ್ಲಿಟ್ಟರೂ ರಂಧ್ರ ಕಟ್ಟಿಕೊಳ್ಳುವ ಭಯವಿಲ್ಲ. ಆದರೆ ಅಂಚೆ ಕಾರ್ಡಿನ ಅಳತೆಗಿಂತ ದೊಡ್ಡದು ಆಗದು. ಅಪರೂಪಕ್ಕೆ ಮುದ್ರಿಸುವ ಮನೆಗೆ ಇಂಕ್‌ಜೆಟ್‌ಗಿಂತ ಇದು ಹೊಂದುತ್ತದೆ. ಶಾಖಕ್ಕೆ ಬಣ್ಣ ತಳೆಯುವ 'ಜಿಂಕ್' ಕಾಗದದ ಜೇಬು ಪ್ರಿಂಟರ್‌ಗಳೂ ಇವೆ. 2x3 ಇಂಚಿನ ಆ ಚಿತ್ರಗಳು ಮೋಜಿಗೆ ಸರಿ, ಬಣ್ಣದ ನಿಷ್ಠೆಗಲ್ಲ.

ಕಲರ್ ಲ್ಯಾಬ್

ಡಿಜಿಟಲ್ ಬಂದ ಮೇಲೆ ಲ್ಯಾಬಿನ ರಾಸಾಯನಿಕ ಮುದ್ರಣ ಅಳಿಯಿತು ಎಂಬುದು ತಪ್ಪು ಕಲ್ಪನೆ. ದೊಡ್ಡ ಲ್ಯಾಬ್‌ಗಳಲ್ಲಿ ಕೆಂಪು, ಹಸಿರು, ನೀಲಿ ಲೇಸರ್ ಕಿರಣಗಳು ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಕಾಗದದ ಮೇಲೆ ಡಿಜಿಟಲ್ ಚಿತ್ರವನ್ನು ಬರೆಯುತ್ತವೆ. ನಂತರ ಆ ಕಾಗದ ಫಿಲ್ಮ್ ಕಾಲದಂತೆಯೇ ರಾಸಾಯನಿಕ ತೊಟ್ಟಿಗಳಲ್ಲಿ ಮುಳುಗಿ, ತೊಳೆದು, ಒಣಗಿ ನಾಲ್ಕಾರು ನಿಮಿಷಗಳಲ್ಲಿ ಹೊರಬರುತ್ತದೆ. ಇಲ್ಲಿ ಶಾಯಿಯ ಹನಿಗಳೇ ಇಲ್ಲ, ಬಣ್ಣ ಕಾಗದದ ಪದರದೊಳಗೇ ಹುಟ್ಟುತ್ತದೆ. ಭೂತಗನ್ನಡಿಯಲ್ಲಿ ನೋಡಿದರೂ ಬಣ್ಣಗಳು ಎಡೆಯಿಲ್ಲದೆ ಬೆರೆತಿರುತ್ತವೆ. ಫ್ಯೂಜಿಫಿಲ್ಮ್‌ನ ಫ್ರಾಂಟಿಯರ್, ನೊರಿಟ್ಸು ಯಂತ್ರಗಳು ಈ ವಿಧಾನಕ್ಕೆ ಹೆಸರಾದವು. ಈಚಿನ ವರ್ಷಗಳಲ್ಲಿ ಅನೇಕ ಲ್ಯಾಬ್‌ಗಳು ರಾಸಾಯನಿಕದ ಗೊಡವೆ ಬೇಡವೆಂದು ಇಂಕ್‌ಜೆಟ್ ಮಿನಿಲ್ಯಾಬ್‌ಗೆ, ಸಣ್ಣ ಸ್ಟುಡಿಯೋಗಳು ಡೈ-ಸಬ್ಲಿಮೇಷನ್ ಯಂತ್ರಗಳಿಗೆ ಬದಲಾಗಿವೆ. ಯಾವುದರಲ್ಲಿ ಮುದ್ರಿಸುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಸಂಕೋಚವಿಲ್ಲದೆ ಹೇಳುತ್ತಾರೆ. ಕೇಳುವವರು ಕಡಿಮೆ, ಅಷ್ಟೇ.

ಲ್ಯಾಬಿನ ದೊಡ್ಡ ಅನುಕೂಲ ಎದುರಿಗೆ ಮನುಷ್ಯನಿರುವುದು. ಮೊದಲು ಒಂದೇ ಪ್ರತಿ ತೆಗೆಸಿ ನೋಡಿ, ಆಮೇಲೆ ನೂರು ಹೇಳಬಹುದು. ಅನನುಕೂಲವೂ ಅದೇ. ಯಂತ್ರದ ಸ್ವಯಂ ತಿದ್ದುಪಡಿಯ ಮೇಲೆ ನಿರ್ವಾಹಕರು ತಮ್ಮ ಅಭಿರುಚಿಯನ್ನೂ ಸೇರಿಸುತ್ತಾರೆ. ಕಪ್ಪು ಮೈಬಣ್ಣವನ್ನು ಕೇಳದೆಯೇ ಬೆಳ್ಳಗಾಗಿಸುವ ಚಾಳಿ ನಮ್ಮ ಸ್ಟುಡಿಯೋಗಳಲ್ಲಿ ಹಳೆಯದು. ಹೊಲದ ಬಿಸಿಲಿನಲ್ಲಿ ಬದುಕಿದ ಅಜ್ಜಿ ಗೋಡೆಯ ಮೇಲೆ ಪೌಡರು ಬಳಿದುಕೊಂಡಂತೆ ಕಾಣುತ್ತಾಳೆ. ಬಣ್ಣ ತಿದ್ದುವುದು ಬೇಡ, ಇದ್ದಂತೆ ಬರಲಿ ಎಂದು ಕೊಡುವಾಗಲೇ ಬರೆಸಿಡುವುದು ಸೂಕ್ತ. ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವವರು ಬೇಕಾದ ಚಿತ್ರಗಳಷ್ಟನ್ನೇ ಹಾಕಿಕೊಂಡು ಹೋಗಲಿ. ಹತ್ತಾರು ಜನರ ಪೆನ್‌ಡ್ರೈವ್ ಕಂಡ ಕಂಪ್ಯೂಟರಿನಿಂದ ವೈರಸ್ ಮನೆಗೆ ಬರುವುದುಂಟು. ಕೆಲಸ ಮುಗಿದ ಮೇಲೆ ತಮ್ಮ ಕಡತಗಳನ್ನು ಅಲ್ಲಿಂದ ಅಳಿಸುವಂತೆ ಕೇಳುವುದು ಗ್ರಾಹಕರ ಹಕ್ಕೇ ಆಗಿದೆ.

ಆನ್‌ಲೈನ್ ಸೇವೆ

ಅಂತರ್ಜಾಲದಲ್ಲಿ ಚಿತ್ರ ಏರಿಸಿ ಪ್ರತಿ ತರಿಸಿಕೊಳ್ಳುವ ವಹಿವಾಟು ಅಮೆರಿಕದಲ್ಲಿ ಬೇರೂರಿದ್ದು 1999ರ ಸುಮಾರಿಗೆ. ಓಫೋಟೊ, ಶಟರ್‌ಫ್ಲೈ ಆಗ ಆರಂಭವಾದವು. 2001ರಲ್ಲಿ ಓಫೋಟೊವನ್ನು ಕೊಡಕ್ ಕೊಂಡು, ನಂತರ ಕೊಡಕ್ ಗ್ಯಾಲರಿ ಎಂದು ಹೆಸರಿಟ್ಟಿತು. ಪ್ರತಿಗಳನ್ನು ಮಾರುವ ಸಲುವಾಗಿ ಚಿತ್ರಗಳ ದಾಸ್ತಾನನ್ನು ಉಚಿತವಾಗಿ ಕೊಟ್ಟ ಈ ತಾಣಗಳನ್ನು ಅನೇಕರು ತಮ್ಮ ಮನೆಯ ಟ್ರಂಕಿನಂತೆಯೇ ನಂಬಿದರು. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ರಕ್ಷಣೆ ಕೋರಿತು. ಅದೇ ವರ್ಷ ಗ್ಯಾಲರಿ ಮುಚ್ಚಿ, ಅಮೆರಿಕ ಮತ್ತು ಕೆನಡಾದ ಗ್ರಾಹಕರ ಚಿತ್ರಗಳು ಶಟರ್‌ಫ್ಲೈಗೆ ವರ್ಗವಾದವು. ನಮ್ಮವರಿಗೆ ಹೆಚ್ಚು ನೆನಪಿರುವುದು ಆರ್ಕುಟ್. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಆಲ್ಬಂಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶವಿತ್ತು. ಕಾಲೇಜು ದಿನಗಳ ಚಿತ್ರಗಳನ್ನು ಅಲ್ಲಿ ಮಾತ್ರ ಇಟ್ಟು ಮರೆತವರ ಪಾಲಿಗೆ ಅವು ಶಾಶ್ವತವಾಗಿ ಹೋದವು. ಗೂಗಲ್ ಫೋಟೋಸ್ ಕೂಡ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ದಾಸ್ತಾನು ನಿಲ್ಲಿಸಿತು. ಮುದ್ರಣ ಸೇವೆಯನ್ನು ಚಿತ್ರಗಳ ಉಗ್ರಾಣವೆಂದು ಭಾವಿಸಬಾರದು ಎನ್ನಲು ಇಷ್ಟು ಸಾಕು.

ಮುದ್ರಣದ ಮಟ್ಟಿಗೆ ಈ ಸೇವೆಗಳು ಅನುಕೂಲಕರವೇ. ಹೊರದೇಶದಲ್ಲಿರುವ ಮಗ ಅಥವಾ ಮಗಳು ಭಾರತದ ಸೇವೆಯೊಂದರಲ್ಲಿ ಚಿತ್ರಗಳನ್ನು ಏರಿಸಿ, ಮೈಸೂರಿನಲ್ಲೋ ಶಿರಸಿಯಲ್ಲೋ ಇರುವ ತಂದೆತಾಯಿಯ ವಿಳಾಸ ಕೊಟ್ಟರೆ ಮೊಮ್ಮಗುವಿನ ಚಿತ್ರ ಕೈಗೆ ಬರುತ್ತದೆ. ಫೋನ್ ಬಳಸಲು ಬಾರದ ಹಿರಿಯರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಆದರೆ ಸಾಗಣೆ ವೆಚ್ಚ ಸೇರಿದರೆ ಹತ್ತು ಪ್ರತಿಗಳಿಗೆ ಬೀದಿಯ ಲ್ಯಾಬೇ ಅಗ್ಗ. ನೂರು ದಾಟಿದ ಮೇಲೆ ಆನ್‌ಲೈನ್ ಹಗುರವಾಗತೊಡಗುತ್ತದೆ. ಚಿತ್ರ ಏರಿಸುವಾಗ 'ಮೂಲ ಗಾತ್ರ' ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಬೇಕು. 2017ರಿಂದ ಐಫೋನ್‌ಗಳು ಬಳಸುತ್ತಿರುವ ಎಚ್‌ಇಐಸಿ ಕಡತವನ್ನು ಎಲ್ಲ ತಾಣಗಳೂ ಒಪ್ಪುವುದಿಲ್ಲವಾದ್ದರಿಂದ ಜೆಪೆಗ್‌ಗೆ ಪರಿವರ್ತಿಸಿಟ್ಟುಕೊಳ್ಳಬೇಕು.

ಫೋಟೋಬುಕ್ ಬೇರೆಯದೇ ವಸ್ತು. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಕ್ಯಾನ್ವೆರಾ ವೃತ್ತಿನಿರತ ಛಾಯಾಗ್ರಾಹಕರಿಗಾಗಿ ಇದನ್ನು ಮಾಡಿ ಹೆಸರಾಯಿತು. ಮದುವೆ ಮನೆಗಳಲ್ಲಿ 'ಕರಿಜ್ಮಾ ಆಲ್ಬಂ' ಎನ್ನುವ ದಪ್ಪ ಪುಟದ ಆಲ್ಬಂ ಇದರ ಹತ್ತಿರದ ನೆಂಟ. ಫೋಟೋಬುಕ್‌ಗಳ ಪುಟಗಳನ್ನು ಬಹುಪಾಲು ಎಚ್‌ಪಿ ಇಂಡಿಗೊದಂಥ ಡಿಜಿಟಲ್ ಮುದ್ರಣ ಯಂತ್ರಗಳಲ್ಲಿ ಅಚ್ಚು ಹಾಕುತ್ತಾರೆ. ಅಂದರೆ ಅದು ಪುಸ್ತಕದ ಮುದ್ರಣ, ಫೋಟೋ ಕಾಗದವಲ್ಲ. ಹತ್ತಿರದಿಂದ ನೋಡಿದರೆ ಸಣ್ಣ ಚುಕ್ಕೆಗಳು ಕಂಡಾವು. ಇದು ದೋಷವೆಂದು ವಾಪಸು ಕಳುಹಿಸಿ ಪ್ರಯೋಜನವಿಲ್ಲ.

ಪರದೆಯ ಬಣ್ಣ, ಕಾಗದದ ಬಣ್ಣ

ಪರದೆ ತಾನೇ ಬೆಳಗುತ್ತದೆ. ಕಾಗದ ಇದ್ದ ಬೆಳಕನ್ನು ಮರಳಿಸುತ್ತದೆ. ಆದ್ದರಿಂದ ಪ್ರತಿ ತುಸು ಕಪ್ಪಾಗಿಯೇ ಕಾಣುತ್ತದೆ. ಫೋನಿನ ಬೆಳಕನ್ನು ಅರ್ಧಕ್ಕಿಳಿಸಿ ನೋಡಿ, ಆಗಲೂ ಚಿತ್ರ ಸ್ಪಷ್ಟವಾಗಿದ್ದರೆ ಮುದ್ರಣಕ್ಕೆ ಯೋಗ್ಯ. ಕಡತದ ಬಣ್ಣದ ವ್ಯವಸ್ಥೆ 'ಎಸ್‌ಆರ್‌ಜಿಬಿ' ಆಗಿರಲಿ. 'ಅಡೋಬ್ ಆರ್‌ಜಿಬಿ'ಯಲ್ಲಿ ಉಳಿಸಿದ ಚಿತ್ರಗಳು ಲ್ಯಾಬಿನಲ್ಲಿ ಜೀವಕಳೆ ಕಳೆದುಕೊಳ್ಳುವುದು ಸಾಮಾನ್ಯ.

ಎಷ್ಟು ಕಾಲ ಬಾಳುತ್ತದೆ?

2000ದಲ್ಲಿ ಎಪ್ಸನ್‌ನ ಸ್ಟೈಲಸ್ ಫೋಟೋ 870, 1270 ಪ್ರಿಂಟರ್‌ಗಳು ಮಾರುಕಟ್ಟೆಗೆ ಬಂದಾಗ ಚಿತ್ರಗಳು ಬಹುಕಾಲ ಬಾಳುತ್ತವೆ ಎಂಬ ಭರವಸೆ ಇತ್ತು. ಕೆಲವರ ಮನೆಯಲ್ಲಿ ಪ್ರತಿಗಳು ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಬೆಳಕಿನ ಪರೀಕ್ಷೆಯಲ್ಲಿ ಗೆದ್ದ ನೀಲಿ ಶಾಯಿ ಗಾಳಿಯಲ್ಲಿನ ಓಜೋನ್‌ಗೆ ಸೋತಿತ್ತು. ಅಂದಿನಿಂದ ಓಜೋನ್ ಪರೀಕ್ಷೆಯೂ ರೂಢಿಗೆ ಬಂದಿತು. ಇಂದಿಗೂ ನಿಯಮ ಅದೇ: ಸಾಮಾನ್ಯ ಡೈ ಶಾಯಿಗಿಂತ ಪಿಗ್ಮೆಂಟ್ ಶಾಯಿ ಹೆಚ್ಚು ಬಾಳುತ್ತದೆ, ಗಾಜಿನ ಹಿಂದಿನ ಚಿತ್ರ ಬರಿಗಾಳಿಯಲ್ಲಿರುವುದಕ್ಕಿಂತ ಹೆಚ್ಚು ಬಾಳುತ್ತದೆ, ಮೂಲ ಶಾಯಿಯ ಬಾಳಿಕೆಯನ್ನು ಅಗ್ಗದ ಬದಲಿ ಶಾಯಿಯಿಂದ ನಿರೀಕ್ಷಿಸುವಂತಿಲ್ಲ.

ಕರಾವಳಿ ಮತ್ತು ಮಲೆನಾಡಿನಲ್ಲಿ ಶತ್ರು ಬೇರೆ. ಮಳೆಗಾಲದ ತೇವಕ್ಕೆ ಚಿತ್ರದ ಮೇಲ್ಮೈ ಮೆತ್ತಗಾಗಿ ಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಡಿಸಹೋದರೆ ಮುಖವೇ ಕಿತ್ತು ಬರುತ್ತದೆ. ಗಾಜು ಮತ್ತು ಚಿತ್ರದ ನಡುವೆ ರಟ್ಟಿನ ಅಂಚು ಕೊಟ್ಟು ಎಡೆ ಬಿಡಿಸಬೇಕೆಂದು ಕಟ್ಟು ಹಾಕುವವರಿಗೆ ಹೇಳಬೇಕು. ತೇವ ಹೀರುವ ಹೊರಗೋಡೆಗೆ ತೂಗುಹಾಕದೆ ಒಳಗೋಡೆಯನ್ನು ಆರಿಸಬೇಕು. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಹಳೆಯ ಮಾದರಿಯ ಆಲ್ಬಂಗಳಲ್ಲಿ ಚಿತ್ರಗಳು ಹಳದಿಯಾಗಿ ಅಂಟಿಕೊಂಡಿರುವುದನ್ನು ಅನೇಕರು ಕಂಡಿರಬಹುದು. ಡೈ-ಸಬ್ಲಿಮೇಷನ್ ಪ್ರತಿಗಳು ಪಿವಿಸಿ ಪ್ಲಾಸ್ಟಿಕ್ ಸೋಂಕಿದರೆ ಬಣ್ಣ ಬಿಡುತ್ತವೆ. ಅವಕ್ಕೆ ಪಾಲಿಪ್ರೊಪಿಲೀನ್ ಅಥವಾ ಕಾಗದದ ಜೇಬಿನ ಆಲ್ಬಂ ಬೇಕು.

ಮುದ್ರಿಸಿದ ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆದಿಡುವುದು ಹಿಂದಿನವರ ರೂಢಿ. ಈಗಿನ ಫೋಟೋ ಕಾಗದದ ಹಿಂಬದಿಯೂ ಪ್ಲಾಸ್ಟಿಕ್ ಲೇಪದ್ದಾಗಿರುವುದರಿಂದ ಜೆಲ್ ಪೆನ್ನಿನ ಶಾಯಿ ಒಣಗದೆ ಕೆಳಗಿನ ಚಿತ್ರದ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರದ ಗುರುತು ಮುಂಬದಿಗೆ ಉಬ್ಬುತ್ತದೆ. ಸಿ.ಡಿ.ಗಳ ಮೇಲೆ ಬರೆಯಲು ಬಳಸುವ ತೆಳು ಮಾರ್ಕರಿನಲ್ಲಿ, ಅಂಚಿಗೆ ಹತ್ತಿರ, ಹಗುರವಾಗಿ ಬರೆದು ಐದು ನಿಮಿಷ ಆರಲು ಬಿಟ್ಟು ಆಮೇಲೆ ಒಂದರ ಮೇಲೊಂದು ಜೋಡಿಸಬೇಕು.